ಊರಿಗೆ ರಂಗಮಂದಿರ ಕಟ್ಸೋದಾ, ಉತ್ಸವ ಮಾಡ್ಸೋದಾ? ಕಲೆಗೆ ಅಂತ ಬರೋ ದುಡ್ಡು ಎಲ್ಲಿ ಹಾಕುದ್ರೆ ದಕ್ಕುತ್ತೆ?

ಕಬ್ಬಿನಗದ್ದೆ_ಮೆಂಬರ್:
ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರ ತಾಲ್ಲೂಕು, ಊರೆಸ್ರು ಬ್ಯಾಡ ಬುಡಿ. ಪಂಚಾಯ್ತಿ ಮೆಂಬರ್ ಆಗಿದೀನಿ. ನಮ್ಮೂರ ನಾಟಕದ ಹುಚ್ಚು ಮಂಡ್ಯದವ್ರಿಗೆ ಬಿಡಿಸಿ ಹೇಳೋ ಹಂಗಿಲ್ಲ, ಬೆಳೆ ಬರ್ಲಿ ಬಿಡ್ಲಿ ಕುರುಕ್ಷೇತ್ರ ಆಗ್ಲೇಬೇಕು. ಈಗ ಎಂಪಿ ನಿಧಿಲಿ ರಂಗಮಂದಿರ ಕಟ್ಟಿಸಿಕೊಡ್ತೀವಿ ಅಂತ ಮಾತು ಬಂದದೆ. ಹಿರೀಕರು ಕಟ್ಸಪ್ಪ ಅಂತಾರೆ, ಹುಡುಗ್ರು ಕಟ್ಟಡ ಯಾಕೆ, ಆ ದುಡ್ಡಲ್ಲಿ ಎಲ್ಡು ದಿನ ಉತ್ಸವ ಮಾಡ್ಸಿ ಸಿನಿಮಾ ಸಿಂಗರ್ ಕರ್ಸಣ ಅಂತಾರೆ. ಪಕ್ಕದೂರಲ್ಲಿ ಕಟ್ಟಿದ ಬಯಲು ರಂಗಮಂದಿರದ ಮ್ಯಾಲೆ ಈಗ ರಾಗಿ ಒಣಗಾಕ್ತಾವ್ರೆ. ಸರ್ಕಾರದ ದುಡ್ಡು ನಿಜವಾಗ್ಲೂ ಕಲೆಗೆ ಆಗ್ಬೇಕು ಅಂದ್ರೆ ಏನ್ಮಾಡ್ಬೇಕು? ರಾಜಕೀಯ ಬ್ಯಾಡ, ತಿಳಿದೋರು ಹೇಳಿ.

ರಿಟೈರ್ಡ್_ಕ್ಲರ್ಕು:
ಮೊದ್ಲು ಒಂದು ವಿಷಯ ತಿಳ್ಕೊಳಿ, ಆ ದುಡ್ಡಲ್ಲಿ ಉತ್ಸವ ಮಾಡಕ್ಕೆ ಬರಲ್ಲ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಅದು ಎಂಪಿ ಕೈಗೂ ಬರಲ್ಲ, ಅವ್ರು ಕಾಮಗಾರಿ ಶಿಫಾರಸು ಮಾಡ್ತಾರೆ, ದುಡ್ಡು ಹೋಗೋದು ಜಿಲ್ಲಾಡಳಿತದ ಮೂಲಕ. ನಿಯಮನೇ ಹಂಗಿದೆ, ಬಾಳಿಕೆ ಬರೋ ಸಾರ್ವಜನಿಕ ಆಸ್ತಿ ಆಗ್ಬೇಕು, ಸಂಬಳ, ಕರೆಂಟ್ ಬಿಲ್, ಮೇಷ್ಟ್ರ ಫೀಸು ಇಂಥ ಮತ್ತೆ ಮತ್ತೆ ಬರೋ ಖರ್ಚಿಗೆಲ್ಲ ಕೊಡಂಗಿಲ್ಲ. ಅದಕ್ಕೇ ನೋಡಿ ಎಲ್ಲಾ ಕಡೆ ಕಟ್ಟಡ ಏಳುತ್ತೆ, ಬೀಗದ ಕೈ ಇಟ್ಕೊಳೋಕೆ ಒಬ್ಬ ಆಳು ಇರಲ್ಲ. ತಪ್ಪು ಕಟ್ಟಿದವ್ರದ್ದು ಅಂತ ಬೈಯೋದು ಸುಲಭ, ದುಡ್ಡು ಬರೋ ದಾರಿನೇ ಸಿಮೆಂಟ್ ಕಡೆಗಿದೆ. ಕಟ್ಟೋಕೆ ಮುಂಚೆ ವರ್ಷದ ಖರ್ಚು ಯಾರು ಕೊಡ್ತಾರೆ ಅಂತ ಪಂಚಾಯ್ತಿ ಸಭೆಲಿ ಬರೆಸಿ ಇಟ್ಕೊಳಿ.

ಹಾರ್ಮೋನಿಯಂ_ಪೆಟ್ಟಿಗೆ:
ನಾನು ನಾಟಕ ಕಲಿಸೋನು, ಅದಕ್ಕೆ ಸ್ವಲ್ಪ ಉದ್ದ ಆಯ್ತದೆ ಬೇಜಾರಾಗ್ಬೇಡಿ. ಮಂಡ್ಯ ಸೀಮೇಲಿ ಯಾರೂ ಗ್ರಾಂಟಿಗೆ ಕಾಯಕಿಲ್ಲ. ಊರ ದೇವ್ರೆಸ್ರಲ್ಲಿ ಒಂದು ಕೃಪಾಪೋಷಿತ ನಾಟಕ ಮಂಡಳಿ ಅಂತ ಮಾಡ್ಕೊತಾರೆ, ಪಾತ್ರಕ್ಕೆ ಇಷ್ಟು ಅಂತ ಹಂಚ್ಕೊತಾರೆ, ದುರ್ಯೋಧನ ಕೃಷ್ಣ ಅಂದ್ರೆ ಜಾಸ್ತಿ, ವಿದುರಂಗೆ ಕಮ್ಮಿ. ಹಾಲಿನ ಬಟವಾಡೆ ದುಡ್ಡು ತಂದು ಕೊಡೋರವ್ರೆ. ತಿಂಗಳುಗಟ್ಲೆ ಸಂಜೆ ಪ್ರಾಕ್ಟೀಸು, ಆಮೇಲೆ ಒಂದು ರಾತ್ರಿ ಸೀನ್ಸು, ಲೈಟು, ಡ್ರೆಸ್ಸು, ಮೈಕ್‌ಸೆಟ್ಟು, ಸ್ತ್ರೀ ಪಾತ್ರಕ್ಕೆ ಕಲಾವಿದೆಯರು, ಎಲ್ಲಾ ಬಾಡಿಗೆ. ಮಂಡ್ಯದ ಕಲಾಮಂದಿರದಲ್ಲೂ ಊರೂರಿನವ್ರು ಬಂದು ಪೌರಾಣಿಕ ನಾಟಕ ಆಡೋದು ನೀವೇ ನೋಡಿರ್ತೀರಿ, ನೆಂಟ್ರು ಸ್ಟೇಜ್ ಹತ್ತಿ ಹಾರ ಹಾಕೋದೂ ನಡೀತಾನೇ ಇರುತ್ತೆ (ಭೀಮ ಗದೆ ಎತ್ತೋ ಹೊತ್ತಿಗೇ ಹಾರ ಹಾಕಕ್ಕೆ ಬರ್ತಾರೆ ನನ್ಮಕ್ಳು).

ಅಂದ್ರೆ ಆಸೆನೂ ಐತೆ, ದುಡ್ಡೂ ಐತೆ, ನೋಡೋರೂ ಅವ್ರೆ. ಸರ್ಕಾರ ಇದ್ರ ಜಾಗಕ್ಕೆ ಬಂದು ಕುಂತ್ಕೊಬಾರ್ದು, ಇದ್ರ ಭಾರ ಕಮ್ಮಿ ಮಾಡ್ಬೇಕು ಅಷ್ಟೆ. ನನ್ ಲೆಕ್ಕದಲ್ಲಿ ದೊಡ್ಡ ಕೊರತೆ ಅಂದ್ರೆ ಸಂಜೆ ಹೊತ್ತು ಹಾರ್ಮೋನಿಯಂ ಇಟ್ಟು ಕೂರೋಕೆ ಒಂದು ರೂಮು. ಸಮುದಾಯ ಭವನದಲ್ಲಿ ಬೀಗರೂಟ ಇದ್ರೆ ನಮ್ಮನ್ನ ಎಬ್ಬಿಸ್ತಾರೆ. ಇನ್ನೊಂದು, ನಮ್ಮಂಥ ಮೇಷ್ಟ್ರುಗಳಿಗೆಲ್ಲ ವಯಸ್ಸಾಗ್ತಾ ಬಂತು, ನಾಟಕದಲ್ಲಿ ಹಾಡೋ ಪದ್ಯಗಳಲ್ಲಿ ಕಂದ ಎಲ್ಲಿ ಎತ್ಬೇಕು, ವೃತ್ತ ಎಲ್ಲಿ ಇಳಿಸ್ಬೇಕು ಅಂತ ಕಲಿಯೋಕೆ ಹುಡುಗ್ರು ಬತ್ತಿಲ್ಲ. ಒಂದು ದೊಡ್ಡ ಉತ್ಸವದ ಶಾಮಿಯಾನದ ದುಡ್ಡು ಇದ್ರೆ ಒಬ್ಬ ಮೇಷ್ಟ್ರು ಎಷ್ಟು ದಿನ ಪಾಠ ಮಾಡ್ಬೋದು ಯೋಚ್ನೆ ಮಾಡಿ.

ಒಂಟಿಕೊಪ್ಪಲ್_ಅಮ್ಮ:
ಮೇಷ್ಟ್ರು ಹೇಳಿದ್ದಕ್ಕೆ ಅರ್ಧ ಒಪ್ತೀನಿ. ಪಾತ್ರಕ್ಕೆ ದುಡ್ಡು ಕೊಡೋ ಪದ್ಧತೀಲಿ ಚೆನ್ನಾಗಿ ಹಾಡೋ ಕೂಲಿಯವರ ಹುಡುಗ ಕೃಷ್ಣ ಆಗೋದು ಯಾವಾಗ? ಗಂಟ್ಲಿಲ್ಲದ ಕಂಟ್ರಾಕ್ಟರ್ ದುರ್ಯೋಧನ ಆಗಿ ಕೂತಿರ್ತಾರೆ. ಹೆಣ್ಮಕ್ಕಳಂತೂ ನೋಡೋಕೆ ಮಾತ್ರ. ಸಾರ್ವಜನಿಕ ದುಡ್ಡು ಬೇಕಿರೋದು ಅಲ್ಲೇ, ಕೈಲಿ ಕಾಸಿಲ್ದೋರು ಒಳಗೆ ಬರೋಕೆ.

ಮೈಸೂರಲ್ಲಿ ರಂಗಾಯಣ ನೋಡಿ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಶುರುವಾಗಿದ್ದು, ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು ವರ್ಷವಿಡೀ ನಾಟಕ ಮಾಡ್ಸೋ ಸರ್ಕಾರಿ ರೆಪರ್ಟರಿ. ಸರ್ಕಾರ ಬದಲಾದ್ರೆ ನಿರ್ದೇಶಕರ ಕುರ್ಚಿಯ ಗಲಾಟೆ ಶುರು, ಅದು ದೊಡ್ಡ ಕಾಯಿಲೆ, ಇಲ್ಲ ಅನ್ನಲ್ಲ. ಆದ್ರೂ ನನಗೆ ಅಲ್ಲಿ ಎಲ್ಲಕ್ಕಿಂತ ಫಲ ಕೊಟ್ಟಿದ್ದು ಅನ್ಸೋದು ಬಹುರೂಪಿ ನಾಟಕೋತ್ಸವಕ್ಕಿಂತ ಬೇಸಿಗೆಯ ಮಕ್ಕಳ ಶಿಬಿರ ಚಿಣ್ಣರ ಮೇಳ. ಮಣ್ಣಲ್ಲಿ ಆಡಿ, ಹಾಡು ಕಲ್ತು, ಕೊನೇಲಿ ನಾಟಕ ಮಾಡಿ ಬಂದ ಮಕ್ಕಳು ದೊಡ್ಡವರಾಗಿ ಈಗ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಟಿಕೆಟ್ ತಗೊಂಡು ಕೂರ್ತಾರೆ, ಕೆಲವ್ರು ಹವ್ಯಾಸಿ ತಂಡಗಳಲ್ಲೂ ಇದಾರೆ. ಪ್ರೇಕ್ಷಕರನ್ನ ತಯಾರು ಮಾಡೋಕೆ ಖರ್ಚು ಮಾಡಿದ ದುಡ್ಡು ಯಾವ ವರದೀಲೂ ಕಾಣಲ್ಲ ನೋಡಿ.

ತಮಟೆ_ಸದ್ದು:
ನಾವು ಪೂಜಾ ಕುಣಿತದವ್ರು. ನಿಮ್ದೆಲ್ಲ ಸರಿ, ನಂದು ಒಂದೇ ಮಾತು, ಪೇಮೆಂಟ್ ಟೈಮಿಗೆ ಕೊಡಿ ಸ್ವಾಮಿ. ಬಿದಿರಿನ ಚೌಕಟ್ಟು, ಅಮ್ಮನ ಮುಖ, ಸೀರೆ ಎಲ್ಲಾ ತಲೆ ಮೇಲೆ, ಕೈ ಹಿಡಿಯಂಗಿಲ್ಲ, ಮೆರವಣಿಗೆ ಮುಗಿಯೋವರ್ಗೂ ಕುಣೀಬೇಕು. ಒಂದು ಕಾರ್ಯಕ್ರಮಕ್ಕೆ ಟೆಂಪೋ ಬಾಡಿಗೆ ಬಡ್ಡಿಗೆ ತಂದು ಕೊಟ್ಟು ಹೋದ್ವಿ, ಗೌರವಧನ ಬಂದಿದ್ದು ಬಡ್ಡಿ ಬೆಳೆದ ಮೇಲೆ. ಸಿನಿಮಾದವ್ರಿಗೆ ಮಾತ್ರ ಅಡ್ವಾನ್ಸ್ ಇಲ್ದೆ ಮೈಕ್ ಹಿಡಿಯಲ್ಲ. ಯಾವ್ ಇಲಾಖೆ ಅಂತ ಕೇಳ್ಬೇಡಿ, ನಾಳೆ ಮತ್ತೆ ಕರೀಬೇಕಲ್ಲ.

ಬಾಡೂಟ_ಪ್ರೇಮಿ:
2024ರ ಡಿಸೆಂಬರಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಆಗ ಅಲ್ಲಿ ಬಾಡೂಟ ಹಾಕ್ಬೇಕಾ ಬ್ಯಾಡ್ವಾ ಅಂತ ಆದಷ್ಟು ಚರ್ಚೆ ಜನಪದ ಕಲಾವಿದರ ಬಗ್ಗೆ ಆಗಿದ್ರೆ ತಮಟೆಯವ್ರ ಬಡ್ಡಿ ತೀರಿರೋದು. ನಾನೂ ಬಾಡೂಟದ ಕಡೆನೇ ಇದ್ದೆ ಬಿಡಿ.

ಸರಸ್ವತಿಪುರಂ_ಲೆಕ್ಚರರ್:
ಇಲ್ಲೊಂದು ಅರ್ಥಶಾಸ್ತ್ರದ ಮಾತು ಸೇರಿಸ್ತೀನಿ. ಬೌಮಲ್, ಬೋವೆನ್ ಅಂತ ಅಮೆರಿಕದ ಇಬ್ಬರು 1966ರಲ್ಲೇ ತೋರಿಸಿದ್ರು, ಫ್ಯಾಕ್ಟರೀಲಿ ಮೆಷಿನ್ ಬಂದಂಗೆ ಒಬ್ಬ ಆಳಿನ ಕೆಲ್ಸ ಜಾಸ್ತಿ ಆಗುತ್ತೆ, ಕೂಲಿನೂ ಏರುತ್ತೆ, ಆದ್ರೆ ಸಂಗೀತ ನಾಟಕಕ್ಕೆ ಅವತ್ತೂ ಇವತ್ತೂ ಅಷ್ಟೇ ಜನ ಅಷ್ಟೇ ಹೊತ್ತು ಬೇಕು, ಹಂಗಾಗಿ ಖರ್ಚು ಮಾತ್ರ ಏರ್ತಾ ಹೋಗುತ್ತೆ ಟಿಕೆಟಲ್ಲಿ ಹುಟ್ಟಲ್ಲ. ಕುರುಕ್ಷೇತ್ರಾನ ಅರ್ಧ ಗಂಟೇಲಿ ಮುಗ್ಸಿ ಲಾಭ ಮಾಡೋಕಾಗುತ್ತಾ? ಅದಕ್ಕೇ ಒಂದ್ಸಲದ ಇಡಿಗಂಟಿಗಿಂತ ಪ್ರತಿವರ್ಷ ಗ್ಯಾರಂಟಿ ಇರೋ ಸಣ್ಣ ಮೊತ್ತ ವಾಸಿ. ನಮ್ಮ ಅರಸರು ಆಸ್ಥಾನ ವಿದ್ವಾಂಸರಿಗೆ ಕೊಟ್ಟಿದ್ದೂ ಅದೇ ಭರವಸೆ, ವೀಣೆ ಶೇಷಣ್ಣನವರಂಥವರು ಮನೇಲಿ ಶಿಷ್ಯರಿಗೆ ಪಾಠ ಹೇಳೋಕೆ ಬಿಡುವು ಸಿಕ್ಕಿದ್ದು ಹಂಗೆ. ದಸರಾ ಕಚೇರಿ ಅದರ ಮೇಲಿನ ಒಗ್ಗರಣೆ. ಈಗ ನಮ್ಮಲ್ಲಿ ಒಗ್ಗರಣೆ ಮಾತ್ರ ಉಳಿದಿದೆ.

ಕಬ್ಬಿನಗದ್ದೆ_ಮೆಂಬರ್:
ಎಲ್ರಿಗೂ ಥ್ಯಾಂಕ್ಸ್. ಹಂಗಾದ್ರೆ ಕಟ್ಟಡ ಬ್ಯಾಡ ಅನ್ನೋಣ್ವಾ? ಬಂದ ದುಡ್ಡು ವಾಪಸ್ ಹೋದ್ರೆ ಊರೋರು ನನ್ನ ಬುಡ್ತಾರಾ.

ಹಾರ್ಮೋನಿಯಂ_ಪೆಟ್ಟಿಗೆ:
ಬ್ಯಾಡ ಅನ್ಬೇಡಿ, ಪ್ಲಾನ್ ಬದ್ಲಾಯ್ಸಿ. ದೊಡ್ಡ ಕಮಾನು, ಬಣ್ಣ ಬಿಟ್ಟು ಸ್ಟೇಜ್ ಪಕ್ಕ ಬಾಗ್ಲು ಇರೋ ಪ್ರಾಕ್ಟೀಸ್ ರೂಮ್ ಕೇಳಿ. ಮೇಷ್ಟ್ರ ಸಂಬಳಕ್ಕೆ ಬೇರೆ ದಾರಿ ನೋಡಣ, ಕಲಿಯೋ ಮಕ್ಳು ಹತ್ತು ಜನ ಸಿಕ್ಕುದ್ರೆ ಮೊದಲ ವರ್ಷ ನಾನೇ ಬತ್ತೀನಿ, ಪೆಟ್ರೋಲ್ ಹಾಕ್ಸಿ ಸಾಕು.

ದ್ರೌಪದಿ_ಪಾತ್ರಧಾರಿ:
ತಡವಾಗಿ ನೋಡಿದೆ. ಊರೂರಿಗೆ ಪಾತ್ರ ಮಾಡೋಕೆ ಹೋಗೋರು ನಾವು. ರಾತ್ರಿಯೆಲ್ಲ ನಾಟಕ, ಡ್ರೆಸ್ ಬದಲಾಯಿಸೋದು ಪರದೆ ಹಿಂದೆ ಸೀರೆ ಅಡ್ಡ ಹಿಡ್ಕೊಂಡು, ಟಾಯ್ಲೆಟ್ಟಿಗೆ ಯಾರ್ದೋ ಮನೆ ಬಾಗ್ಲು ತಟ್ಬೇಕು. ಕಲೆ ಉಳಿಸಿ ಅಂತ ಭಾಷಣ ಮಾಡೋರು ಯಾರೂ ಸ್ಟೇಜ್ ಹಿಂದೆ ಬಂದು ನೋಡಲ್ಲ. ಚಿಲಕ ಇರೋ ಒಂದು ಗ್ರೀನ್ ರೂಮು, ನೀರು ಬರೋ ಟಾಯ್ಲೆಟ್ಟು ಇದ್ರೆ ನಿಮ್ಮೂರ ಹೆಣ್ಮಕ್ಳೇ ಸ್ಟೇಜ್ ಹತ್ತೋಕೆ ಧೈರ್ಯ ಮಾಡ್ತಾರೆ, ನಮ್ಮನ್ನ ಬಾಡಿಗೆಗೆ ಕರೆಸೋದೂ ಬೇಡ. ನಮ್ಮ ಹೊಟ್ಟೆ ಮೇಲೆ ನಾವೇ ಕಲ್ಲು ಹಾಕ್ಕೊಂಡಂಗೆ ಆಯ್ತು, ಪರ್ವಾಗಿಲ್ಲ.

ಕಬ್ಬಿನಗದ್ದೆ_ಮೆಂಬರ್:
ಅಕ್ಕಾ, ಈಗ್ಲೇ ಪ್ಲಾನ್ ತೆಗ್ದು ನೋಡ್ದೆ. ವಿಐಪಿ ರೂಮ್ ಅಂತ ಒಂದು ಅದೆ, ಟಾಯ್ಲೆಟ್ ಇಲ್ಲ. ಸೋಮವಾರ ಇಂಜಿನಿಯರ್ ಹತ್ರ ಹೋಗ್ತೀನಿ, ಮೇಷ್ಟ್ರೇ ನೀವೂ ಜತೇಗೆ ಬನ್ನಿ.