ಹೊಸ ಸರ್ವರ್‌ಗೆ ಹಳೇ ಒಡಿಬಿಸಿ ಡ್ರೈವರ್ ಕನೆಕ್ಟ್ ಆಗುತ್ತಿಲ್ಲ

ಪ್ರಶ್ನೆ (ಶಿರಸಿ):
ಅಡಿಕೆ ಮಂಡಿಯೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹಳೇ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ 5.7 ಇತ್ತು. ಹೊಸದಕ್ಕೆ 8.0 ಹಾಕಿ, ಯೂಸರ್ ಹೊಸದಾಗಿ ಮಾಡಿದೆವು. ಈಗ ವಿಬಿ6ನಲ್ಲಿ (ಹಳೇ ವಿಷುಯಲ್ ಬೇಸಿಕ್) ಬರೆದ ಬಿಲ್ಲಿಂಗ್ ಪ್ರೋಗ್ರಾಂ ತೆರೆದರೆ, ಪಾಸ್‌ವರ್ಡ್ ಪರೀಕ್ಷಿಸುವ ‘ಕ್ಯಾಶಿಂಗ್ ಶಾ2 ಪಾಸ್‌ವರ್ಡ್’ ಪ್ಲಗಿನ್ ಲೋಡ್ ಆಗಲಿಲ್ಲ ಅನ್ನುತ್ತದೆ. ಪಾಸ್‌ವರ್ಡ್ ಸರಿಯಿದೆ. ಪ್ರೋಗ್ರಾಂ ಅನ್ನು ಡೇಟಾಬೇಸ್‌ಗೆ ಜೋಡಿಸುವ ಒಡಿಬಿಸಿ ಡ್ರೈವರ್ 5.1. ರಾಶಿ, ಚಾಲಿ ಅಡಿಕೆ ಲೆಕ್ಕ ಎಲ್ಲಾ ಕೈಬರಹದ ಚೀಟಿಯಲ್ಲೇ ನಡೆಯುತ್ತಿದೆ, ಯಜಮಾನರ ಮುಖ ನೋಡೋ ಹಾಗಿಲ್ಲ!

ಉತ್ತರ (ಕಾರವಾರ):
8.0ರಲ್ಲಿ ಹೊಸ ಯೂಸರ್‌ಗೆ ತಾನಾಗೇ ಆ ಪ್ಲಗಿನ್ ಬರುತ್ತದೆ. ನಿಮ್ಮ ಡ್ರೈವರ್‌ಗೆ ಅದರ ಗುರುತೇ ಇಲ್ಲ. ಸದ್ಯಕ್ಕೆ ‘ಆಲ್ಟರ್ ಯೂಸರ್’ ಕಮಾಂಡ್ ಕೊಟ್ಟು ಆ ಒಬ್ಬ ಯೂಸರ್‌ನನ್ನು ‘ಮೈಎಸ್‌ಕ್ಯೂಎಲ್ ನೇಟಿವ್ ಪಾಸ್‌ವರ್ಡ್’ ಅನ್ನೋ ಹಳೇ ಪ್ಲಗಿನ್‌ಗೆ ಬದಲಿಸಿ. ಆದರೆ ಇದನ್ನೇ ನಂಬಿ ಕೂರಬೇಡಿ. 8.4ರಲ್ಲಿ ಅದು ಮೊದಲೇ ಆಫ್, 9.0ರಲ್ಲಿ ಕಿತ್ತೇ ಹಾಕಿದ್ದಾರೆ.

ಉತ್ತರ (ಕುಮಟಾ):
ಡ್ರೈವರ್ 8.0 ಹಾಕುವುದೇ ಸರಿ, ಅಲ್ವಾ? ವಿಂಡೋಸ್ 64 ಬಿಟ್ ಇದ್ದರೂ ವಿಬಿ6ಗೆ 32 ಬಿಟ್ ಡ್ರೈವರ್ರೇ ಬೇಕು. ಪ್ರೋಗ್ರಾಂನ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ (ಡೇಟಾಬೇಸ್‌ಗೆ ಹೇಗೆ ಜೋಡಿಸಬೇಕೆಂದು ಹೇಳುವ ಸಾಲು) ಡ್ರೈವರ್ ಹೆಸರನ್ನೂ ಬದಲಿಸಿ.

ಶಿರಸಿ:
ಆಲ್ಟರ್ ಯೂಸರ್ ಕೆಲಸ ಮಾಡಿತು, ಥ್ಯಾಂಕ್ಸ್. ಪ್ರೋಗ್ರಾಂ ಬರೆದವರು ಊರು ಬಿಟ್ಟಿದ್ದಾರೆ, ಸೋರ್ಸ್ ಕೋಡ್ ಇಲ್ಲ. ಅದು ಡಿಎಸ್‌ಎನ್ (ವಿಂಡೋಸ್‌ನಲ್ಲಿ ಹೆಸರಿಟ್ಟು ಉಳಿಸಿದ ಡೇಟಾಬೇಸ್ ಸಂಪರ್ಕದ ವಿವರ) ಬಳಸುತ್ತದೆ.

ಕುಮಟಾ:
ಹಾಗಾದರೆ ಸುಲಭ. ಹಳೇ ಡಿಎಸ್‌ಎನ್ ತೆಗೆದು, ಅದೇ ಹೆಸರಿನ ಡಿಎಸ್‌ಎನ್ ಹೊಸ ಡ್ರೈವರ್‌ನಲ್ಲಿ ಮಾಡಿ. 32 ಬಿಟ್ ಒಡಿಬಿಸಿ ಅಡ್ಮಿನ್‌ನಲ್ಲೇ ಮಾಡಬೇಕು. ಮಂಡಿಯಲ್ಲಿ ಅಡಿಕೆ ಟೆಂಡರ್ ಇಲ್ಲದ ದಿನ ಕೈ ಹಾಕಿ.