ಆನೆ ಲದ್ದಿಯ ಡಿಎನ್‌ಎ: ಹೆಟೆರೋಝೈಗಸ್ ಕಡಿಮೆ ಬಂದರೆ ‘ಇನ್‌ಬ್ರೀಡಿಂಗ್’ ಎಂದೇ ಬರೆಯಬೇಕೇ?

ಪ್ರಶ್ನೆ: ಕಬಿನಿ ಹಿನ್ನೀರು

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ನಾಗರಹೊಳೆಯ ಅಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಸಂಗ್ರಹಿಸಿದ ಆನೆ ಲದ್ದಿಯ ಅರವತ್ತರ ಆಸುಪಾಸು ಮಾದರಿಗಳಿಂದ ಡಿಎನ್‌ಎ ತೆಗೆದು, ಎಂಟು ಮೈಕ್ರೋಸ್ಯಾಟಲೈಟ್ ಲೋಕಸ್‌ಗಳಲ್ಲಿ (ಡಿಎನ್‌ಎಯ ನಿರ್ದಿಷ್ಟ ಜಾಗಗಳಲ್ಲಿ) ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಿಸಿದ್ದೇನೆ. ಖರ್ಚಿನ ಕಾರಣಕ್ಕೆ ಪ್ರತಿ ಮಾದರಿಯನ್ನೂ ಪ್ರತಿ ಲೋಕಸ್‌ನಲ್ಲೂ ಒಂದೇ ಸಲ ಓಡಿಸಿದ್ದು.

ಹೆಟೆರೋಝೈಗಾಸಿಟಿ ಎಂದರೆ ಒಂದು ಲೋಕಸ್‌ನಲ್ಲಿ ತಾಯಿ, ತಂದೆಯಿಂದ ಬಂದ ಎರಡು ಪ್ರತಿಗಳು ಬೇರೆಬೇರೆಯಾಗಿರುವ (ಹೆಟೆರೋಝೈಗಸ್) ಪ್ರಾಣಿಗಳ ಪಾಲು. ಕೂಡಿಕೆಯಲ್ಲಿ ಸಂಬಂಧದ ಆಯ್ಕೆ ಇಲ್ಲದಿದ್ದರೆ ನಿರೀಕ್ಷಿತ ಪಾಲು ಸುಮಾರು 0.6 ಬಂದಿದೆ. ನಿಜವಾಗಿ ಕಂಡದ್ದು 0.4 ಅಷ್ಟೇ. ಮಾರ್ಗದರ್ಶಕರು ಇದನ್ನು ನೋಡಿ, ‘ಈ ಆನೆಗಳಲ್ಲಿ ರಕ್ತಸಂಬಂಧಿಗಳ ನಡುವೆಯೇ ಸಂತಾನವಾಗುತ್ತಿದೆ (ಇನ್‌ಬ್ರೀಡಿಂಗ್), ಹಾಗೆಂದೇ ಬರೆಯಿರಿ’ ಎಂದಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ನಾಳೆ ಯಾರಾದರೂ ಇದನ್ನು ಓದಿ ಇಲ್ಲಿನ ಆನೆಗಳನ್ನು ಬೇರೆಡೆಗೆ ಸಾಗಿಸಬೇಕು ಎಂದು ವಾದಿಸಿದರೆ? ಲದ್ದಿಯಿಂದ ಬಂದ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಸಹ್ಯಾದ್ರಿಯ ಓದುಗಿ

ಆ ವಾಕ್ಯವನ್ನು ಬರೆಯಬೇಡಿ. ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬಹುಕಾಲ ಇದೇ ಕೆಲಸ ಮಾಡಿದವಳು ನಾನು. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮದೇ ಅಂಕಿಗಳನ್ನು ನೋಡೋಣ. 0.4ನ್ನು 0.6ರಿಂದ ಭಾಗಿಸಿ ಒಂದರಿಂದ ಕಳೆದರೆ 0.33 ಬರುತ್ತದೆ. ಅದೇ ಇನ್‌ಬ್ರೀಡಿಂಗ್ ಗುಣಾಂಕ. ಒಡಹುಟ್ಟಿದ ಅಣ್ಣತಂಗಿಯರ ಕೂಡಿಕೆಯಿಂದ ಹುಟ್ಟಿದ ಮರಿಯ ಗುಣಾಂಕವೇ 0.25. ಅಂದರೆ ನಿಮ್ಮ ಲೆಕ್ಕದ ಪ್ರಕಾರ ನಾಗರಹೊಳೆಯ ಆನೆಗಳು ಸರಾಸರಿಯಲ್ಲಿ ಅದಕ್ಕಿಂತಲೂ ಹತ್ತಿರದ ಸಂಬಂಧದಲ್ಲಿ ಹುಟ್ಟಿದವು ಎಂದಾಗುತ್ತದೆ. ಬಂಡೀಪುರ, ಮುದುಮಲೈ, ವಯನಾಡುಗಳಿಗೆ ಹೊಂದಿಕೊಂಡ ಕಾಡು ಅದು. ಗಂಡುಗಳು ಪ್ರಾಯಕ್ಕೆ ಬರುತ್ತಲೇ ಹುಟ್ಟಿದ ಹಿಂಡು ಬಿಟ್ಟು ಹೋಗುತ್ತವೆ. ಇಂಥ ಕಡೆ 0.33 ಬಂದರೆ ನಾನು ಮೊದಲು ಅನುಮಾನಿಸುವುದು ಟ್ಯೂಬನ್ನು, ಆನೆಯನ್ನಲ್ಲ.

ಟ್ಯೂಬಿನಲ್ಲಿ ಏನಾಗುತ್ತದೆ ಎಂದರೆ: ಮೈಕ್ರೋಸ್ಯಾಟಲೈಟ್ ಎಂಬುದು ಸಿಎ-ಸಿಎ-ಸಿಎ ಎಂಬಂತೆ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗ. ಎಷ್ಟು ಸಲ ಬಂದಿದೆ ಎಂಬುದು ಒಂದೊಂದು ಪ್ರಾಣಿಯಲ್ಲಿ ಒಂದೊಂದು ಥರ. ತಾಯಿಯಿಂದ 180 ಅಕ್ಷರ ಉದ್ದದ್ದು, ತಂದೆಯಿಂದ 188 ಅಕ್ಷರದ್ದು ಬಂದಿದ್ದರೆ ಯಂತ್ರದ ಪರದೆಯ ಮೇಲೆ ಎರಡು ಶಿಖರಗಳು ಏಳಬೇಕು. ಆದರೆ ಲದ್ದಿಯಲ್ಲಿರುವ ಆನೆಯ ಡಿಎನ್‌ಎ ಎಂದರೆ ಕರುಳಿನ ಒಳಪದರದಿಂದ ಉದುರಿದ ಕೆಲವೇ ಕೋಶಗಳದ್ದು. ಉಳಿದದ್ದೆಲ್ಲ ಬ್ಯಾಕ್ಟೀರಿಯಾದ್ದು, ಬಿದಿರು-ಹುಲ್ಲಿನದ್ದು. ಸಿಕ್ಕ ಅಷ್ಟಿಷ್ಟೂ ತುಂಡುತುಂಡಾಗಿರುತ್ತದೆ. ಪಿಪೆಟ್ಟಿನಲ್ಲಿ ಎಳೆದ ಆ ಒಂದು ಹನಿಗೆ 188ರ ಪ್ರತಿ ಬಾರದೇ ಹೋದರೆ ಪರದೆಯ ಮೇಲೆ 180 ಮಾತ್ರ ಏಳುತ್ತದೆ. ನೀವು ಅದನ್ನು ಹೋಮೋಝೈಗಸ್ (ಎರಡೂ ಪ್ರತಿಗಳು ಒಂದೇ) ಎಂದು ಬರೆದುಕೊಳ್ಳುತ್ತೀರಿ. ಇದಕ್ಕೆ ಅಲೀಲಿಕ್ ಡ್ರಾಪ್‌ಔಟ್ ಎನ್ನುತ್ತಾರೆ.

ಲೆಕ್ಕ ಹಾಕಿ. ನಿಜವಾಗಿ ಎರಡು ಆಲೀಲ್ (ಒಂದೇ ಲೋಕಸ್‌ನ ಬೇರೆಬೇರೆ ರೂಪಗಳು) ಇರುವ ಮಾದರಿಯಲ್ಲಿ, ಒಂದು ಸಲದ ಪಿಸಿಆರ್‌ನಲ್ಲಿ ಯಾವುದಾದರೊಂದು ತಪ್ಪಿಹೋಗುವ ಸಾಧ್ಯತೆ ಶೇ 30 ಎಂದುಕೊಳ್ಳಿ. ತಲಾ ಶೇ 15. ಒಂದೇ ಸಲ ಓಡಿಸಿದರೆ 0.6 ಇದ್ದದ್ದು 0.42 ಆಗುತ್ತದೆ. ನಿಮಗೆ ಬಂದದ್ದು ಹೆಚ್ಚುಕಡಿಮೆ ಅಷ್ಟೇ, ಗಮನಿಸಿ! ಎರಡು ಸಲ ಓಡಿಸಿದಾಗ ಎರಡರಲ್ಲೂ ಅದೇ ಒಂಟಿ ಆಲೀಲ್ ಕಾಣುವ ಸಾಧ್ಯತೆ ಶೇ 4.5ಕ್ಕೆ ಇಳಿಯುತ್ತದೆ. ಮೂರು ಸಲಕ್ಕೆ ಶೇ 0.7ರ ಹತ್ತಿರ. ಫ್ರಾನ್ಸಿನ ಪಿಯರ್ ಟಬರ್ಲೆ ಮತ್ತು ಸಂಗಡಿಗರು 1996ರಲ್ಲೇ ಈ ಮರುಪರೀಕ್ಷೆಯ ಕ್ರಮವನ್ನು ಗಟ್ಟಿಯಾಗಿ ಪ್ರತಿಪಾದಿಸಿದ್ದರು. ಹಣವಿಲ್ಲದಿದ್ದರೆ ಮಾದರಿಗಳನ್ನು ಕಡಿಮೆ ಮಾಡಿ, ಮರುಪರೀಕ್ಷೆಯನ್ನು ಕಡಿಮೆ ಮಾಡಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಈಗಿರುವ ದತ್ತಾಂಶದಲ್ಲೇ ಸುಳಿವು ಹುಡುಕಬಹುದು. ನಿಜವಾದ ಇನ್‌ಬ್ರೀಡಿಂಗ್ ಇದ್ದರೆ ಎಂಟೂ ಲೋಕಸ್‌ಗಳಲ್ಲಿ ಕೊರತೆ ಸುಮಾರಾಗಿ ಒಂದೇ ಪ್ರಮಾಣದಲ್ಲಿರಬೇಕು. ಒಂದೆರಡರಲ್ಲಿ ಮಾತ್ರ ವಿಪರೀತವಾಗಿದ್ದರೆ ಅಲ್ಲಿ ಪ್ರೈಮರ್ (ಪಿಸಿಆರ್ ಶುರುಮಾಡುವ ಡಿಎನ್‌ಎಯ ಸಣ್ಣ ತುಣುಕು) ಸರಿಯಾಗಿ ಕೂರುತ್ತಿಲ್ಲ, ಅಂದರೆ ಪಿಸಿಆರ್‌ನಲ್ಲಿ ಕಾಣದೇ ಉಳಿಯುವ ನಲ್ ಆಲೀಲ್ ಇದೆ. ಆಫ್ರಿಕಾದ ಆನೆಗಾಗಿ ರೂಪಿಸಿದ ಪ್ರೈಮರ್‌ಗಳನ್ನು ನಮ್ಮ ಆನೆಗೆ ಬಳಸಿದಾಗ ಇದಕ್ಕೆ ಅವಕಾಶ ಹೆಚ್ಚು. ಉದ್ದದ ಆಲೀಲ್‌ಗಳೇ ಕಾಣೆಯಾಗುತ್ತಿದ್ದರೆ, ಅಥವಾ ಹಳೆಯ ಮಾದರಿಗಳಲ್ಲೇ ಕೊರತೆ ಹೆಚ್ಚಿದ್ದರೆ, ಡ್ರಾಪ್‌ಔಟ್. ಒಂದಕ್ಕೊಂದು ಬೆರೆಯದ ಎರಡು ಗುಂಪುಗಳ ಮಾದರಿಗಳನ್ನು ಒಟ್ಟಿಗೆ ಸುರಿದಿದ್ದರೂ ಹೆಟೆರೋಝೈಗಸ್ ಕಡಿಮೆ ಕಾಣುತ್ತದೆ, ಆದರೆ ನಾಗರಹೊಳೆಯೊಳಗೆ ಅದು ಸಂಭವಿಸಿರಲಾರದು.

ಹಾಗೆ ಹೇಳಲು ಆಧಾರವಿದೆ. ಟಿ.ಎನ್.ಸಿ. ವಿದ್ಯಾ, ರಾಮನ್ ಸುಕುಮಾರ್ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವು ಓದಲೇಬೇಕು. ಸುಮಾರು 15,000 ಚದರ ಕಿಲೋಮೀಟರ್ ಹರಡಿರುವ ನೀಲಗಿರಿ ಪ್ರದೇಶದ ಆನೆಗಳಲ್ಲಿ ಒಂದೂರಿಗೂ ಇನ್ನೊಂದೂರಿಗೂ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಲವತ್ತು ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಣಿವೆ ದಾಟಿ ಆನೆಮಲೈ, ಪೆರಿಯಾರ್ ಕಡೆ ಹೋದರೆ ಆನೆಗಳ ಡಿಎನ್‌ಎ ಬೇರೆಯೇ. ನನ್ನನ್ನು ಬಹಳ ದಿನ ಕಾಡಿದ್ದು ಅದರ ಇನ್ನೊಂದು ಮಾತು. ಜಗತ್ತಿನಲ್ಲೇ ಅತಿ ದೊಡ್ಡ ಏಷ್ಯಾ ಆನೆ ಸಮೂಹ ನೀಲಗಿರಿಯದ್ದು. ಅದರಲ್ಲಿ ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾ ಡಿಎನ್‌ಎಯ ಒಂದೇ ಒಂದು ಬಗೆ ಸಿಕ್ಕಿತು. ಮೈಕ್ರೋಸ್ಯಾಟಲೈಟ್ ವೈವಿಧ್ಯವೂ ದಕ್ಷಿಣದ ಎರಡು ಚಿಕ್ಕ ಸಮೂಹಗಳಿಗಿಂತ ಕಡಿಮೆ. ತಲೆಗಳು ಹೆಚ್ಚಿದ್ದ ಮಾತ್ರಕ್ಕೆ ವೈವಿಧ್ಯ ಹೆಚ್ಚಿರುವುದಿಲ್ಲ. ಹಿಂದೆಂದೋ ಸಂಖ್ಯೆ ಕುಸಿದಿದ್ದರೆ ಅದರ ಗುರುತು ಹೀಗೆ ಉಳಿದಿರುತ್ತದೆ.

ಆದ್ದರಿಂದ ‘ವೈವಿಧ್ಯ ಕಡಿಮೆ’ ಎನ್ನುವುದು ಒಂದು ಮಾತು, ‘ಈಗ ಹತ್ತಿರದ ಸಂಬಂಧದಲ್ಲಿ ಸಂತಾನವಾಗುತ್ತಿದೆ’ ಎನ್ನುವುದು ಇನ್ನೊಂದು. ಮೊದಲನೆಯದು ನಿರೀಕ್ಷಿತ 0.6ರಲ್ಲಿ ಕಾಣಬೇಕು, ಎರಡನೆಯದು ನಿರೀಕ್ಷಿತಕ್ಕೂ ಕಂಡದ್ದಕ್ಕೂ ಇರುವ ಅಂತರದಲ್ಲಿ. ಮಾರ್ಗದರ್ಶಕರ ಮುಂದೆ 0.33 ಮತ್ತು 0.25 ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಜೀವಶಾಸ್ತ್ರ ಬಲ್ಲವರು ಒಪ್ಪುತ್ತಾರೆ.

ಉತ್ತರ: ಮುತ್ತುಗದ ನೆರಳು

ಮೇಡಂ ಪ್ರಯೋಗಾಲಯದ ಮಾತು ಹೇಳಿದ್ದಾರೆ. ನಾನು ಮಾದರಿ ಸಂಗ್ರಹಿಸುವ ತಂಡದಲ್ಲಿ ಇದ್ದವನು, ಕಾಡಿನ ಕಡೆಯದನ್ನು ಸೇರಿಸುತ್ತೇನೆ.

ಲದ್ದಿಯ ಉಂಡೆಯ ಮೇಲೆ ಲೋಳೆಯ ತೆಳುವಾದ ಹೊಳಪಿದ್ದರೆ ಮಾತ್ರ ತೆಗೆದುಕೊಳ್ಳಬೇಕು. ಕೋಶಗಳಿರುವುದು ಆ ಪದರದಲ್ಲೇ. ಒಳಗಿನ ನಾರನ್ನು ಎಷ್ಟು ತುಂಬಿಕೊಂಡರೂ ಪ್ರಯೋಜನವಿಲ್ಲ, ಬದಲಿಗೆ ಗಿಡದ ರಾಸಾಯನಿಕಗಳು ಸೇರಿ ಪಿಸಿಆರ್ ಕೆಡುತ್ತದೆ. ಒಂದು ಮಳೆ ಬಿದ್ದರೆ ಹೊರಪದರ ತೊಳೆದು ಹೋಗುತ್ತದೆ. ನಮ್ಮ ಜೊತೆಗಿದ್ದ ಜೇನುಕುರುಬರ ಹಿರಿಯ ವಾಚರ್ ಒಬ್ಬರು ಉಂಡೆಯನ್ನು ಕಾಲಿನಿಂದ ತುಸು ಹೊರಳಿಸಿ, ಅಡಿಯ ಹುಲ್ಲಿನ ಬಣ್ಣ ನೋಡಿಯೇ ‘ಇದು ರಾತ್ರಿಯದು, ಇದು ಬೆಳಗಿನದು’ ಎನ್ನುತ್ತಿದ್ದರು. ಅವರು ಬೇಡ ಎಂದದ್ದನ್ನು ನಾವು ಮುಟ್ಟುತ್ತಿರಲಿಲ್ಲ. ನಿಮ್ಮ ಮಾದರಿಗಳ ಚೀಟಿಯಲ್ಲಿ ದಿನಾಂಕ, ಮಳೆ, ಉಂಡೆಯ ಸುತ್ತಳತೆ ಬರೆದಿದ್ದಾರೆಯೇ ನೋಡಿ. ಸುತ್ತಳತೆಯಿಂದ ಮರಿಯೋ ದೊಡ್ಡದೋ ಎಂಬ ಅಂದಾಜು ಸಿಗುತ್ತದೆ.

ಲದ್ದಿಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ಎಚ್ಚರಿಕೆ ಇದ್ದರೆ ಖಂಡಿತ ನಂಬಬಹುದು. ಬಂಡೀಪುರದಲ್ಲಿ ಹುಲಿಯ ಮಲದ 58 ಮಾದರಿಗಳಿಂದ 26 ಹುಲಿಗಳನ್ನು ಗುರುತಿಸಿ, ಅದರಿಂದ ಒಟ್ಟು 66 ಎಂದು ಅಂದಾಜು ಮಾಡಿದ್ದರು. ಕ್ಯಾಮೆರಾ ಟ್ರ್ಯಾಪ್ ಅಂದಾಜೂ ಅಷ್ಟೇ ಬಂದಿತ್ತು. 2025ರ ಅಕ್ಟೋಬರ್‌ನಲ್ಲಿ ಹೊರಬಂದ ರಾಷ್ಟ್ರೀಯ ಆನೆ ಅಂದಾಜು (ದೇಶದಲ್ಲಿ 22,446, ಕರ್ನಾಟಕದಲ್ಲಿ 6,013) ಕೂಡ ಲದ್ದಿಯ ಡಿಎನ್‌ಎ ಆಧರಿಸಿದ್ದು. ಅಲ್ಲಿ ಒಂದು ಆಲೀಲ್ ತಪ್ಪಿದರೆ ಒಂದೇ ಆನೆ ಎರಡು ಆನೆಯಾಗಿ ಎಣಿಕೆಗೆ ಬರುವ ಅಪಾಯವಿದೆ. ಹಾಗಾಗಿ ಓದಿನ ತಪ್ಪನ್ನು ಹಿಡಿಯುವುದು ಎಣಿಕೆಗೂ ಅಷ್ಟೇ ಮುಖ್ಯ.

ಪ್ರಶ್ನೆ ಕೇಳಿದವರು: ಕಬಿನಿ ಹಿನ್ನೀರು

ಇಬ್ಬರಿಗೂ ಮನಸಾರೆ ಧನ್ಯವಾದಗಳು. 0.25ರ ಮಾತು ಕೇಳಿ ಮಾರ್ಗದರ್ಶಕರು ತಕ್ಷಣ ಒಪ್ಪಿದರು, ಮರುಪರೀಕ್ಷೆಗೆ ವಿಭಾಗದಿಂದಲೇ ಹಣ ಕೊಡಿಸಿದರು. ಮಳೆಯ ನಂತರದ ಮಾದರಿಗಳನ್ನು ಬಿಟ್ಟು ಉಳಿದವನ್ನು ಮೂರು ಮೂರು ಸಲ ಓಡಿಸುತ್ತಿದ್ದೇನೆ. ಅರ್ಧ ಮುಗಿದಿದೆ, ಕಂಡ ಹೆಟೆರೋಝೈಗಾಸಿಟಿ ಈಗಾಗಲೇ 0.5 ದಾಟಿದೆ. ಒಂದು ಲೋಕಸ್‌ನಲ್ಲಿ ಮಾತ್ರ ಎಷ್ಟು ಸಲ ಓಡಿಸಿದರೂ ಕೊರತೆ ಹಾಗೆಯೇ ಇದೆ. ಅದರ ಪ್ರೈಮರ್ ಆಫ್ರಿಕಾದ ಆನೆಯಿಂದ ಬಂದದ್ದು.

ಉತ್ತರ: ಸಹ್ಯಾದ್ರಿಯ ಓದುಗಿ

ಬಹಳ ಸಂತೋಷವಾಯಿತು. ಆ ಲೋಕಸ್‌ನಲ್ಲಿ ನಲ್ ಆಲೀಲ್ ಇರುವಂತಿದೆ. ಅದನ್ನು ಬಿಟ್ಟು ಏಳರಲ್ಲೇ ವಿಶ್ಲೇಷಣೆ ಮಾಡಿ, ಬಿಟ್ಟ ಕಾರಣವನ್ನು ಪ್ರಬಂಧದಲ್ಲಿ ಬರೆಯಿರಿ. ಏಷ್ಯಾ ಆನೆಯಿಂದಲೇ ರೂಪಿಸಿದ, ‘ಇಎಂಯು’ ಎಂದು ಹೆಸರು ಆರಂಭವಾಗುವ ಲೋಕಸ್‌ಗಳು 2008ರಿಂದ ಲಭ್ಯವಿವೆ, ಸಾಧ್ಯವಾದರೆ ಅವುಗಳಲ್ಲೊಂದನ್ನು ಸೇರಿಸಿಕೊಳ್ಳಿ.

ಇನ್ನೊಂದು ಕೆಲಸ ಬಾಕಿ ಇದೆ. ಆನೆ ದಿನಕ್ಕೆ ಹದಿನೈದಕ್ಕೂ ಹೆಚ್ಚು ಸಲ ಲದ್ದಿ ಹಾಕುತ್ತದೆ. ಒಂದೇ ಹಾದಿಯಲ್ಲಿ ಒಂದೇ ದಿನ ತೆಗೆದ ಮಾದರಿಗಳಲ್ಲಿ ಒಂದೇ ಆನೆ ಎರಡು ಮೂರು ಸಲ ಬಂದಿರುತ್ತದೆ. ಏಳೂ ಲೋಕಸ್‌ಗಳಲ್ಲಿ ಹೊಂದುವ ಜೋಡಿಗಳನ್ನು ಹುಡುಕಿ, ಒಂದನ್ನು ಮಾತ್ರ ಇಟ್ಟುಕೊಳ್ಳಿ. ಒಂದೇ ಲೋಕಸ್‌ನಲ್ಲಿ ಮಾತ್ರ ಭಿನ್ನವಾಗಿರುವ ಜೋಡಿಗಳನ್ನೂ ಪಟ್ಟಿ ಮಾಡಿ ಮತ್ತೊಮ್ಮೆ ಓಡಿಸಿ. ಅವು ಒಂದೇ ಆನೆಯದ್ದಾಗಿರುವ ಸಾಧ್ಯತೆ ಹೆಚ್ಚು. ಅದಾದ ಮೇಲೆ ಶಿಖರಗಳ ಚಿತ್ರಗಳನ್ನು ಇಲ್ಲಿ ಹಾಕಿದರೆ ಒಟ್ಟಿಗೆ ನೋಡೋಣ.