ಪ್ರಶ್ನೋತ್ತರ: ಗ್ಲಾಕೋಮಾ ಚಿಕಿತ್ಸೆಗಾಗಿ ಕಣ್ಣಿನಲ್ಲಿ ಅಳವಡಿಸುವ ಕೊಳವೆ

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಬಲಗಣ್ಣಿನ ಗ್ಲಾಕೋಮಾಗೆ ಕೆಲವು ವರ್ಷಗಳ ಹಿಂದೆ ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಮಾಡಿದ್ದರು. ಮೊದಲು ಕಣ್ಣಿನೊಳಗಿನ ಒತ್ತಡ ಹತೋಟಿಯಲ್ಲಿತ್ತು. ಈಗ ಮೂರು ಬಗೆಯ ಹನಿಗಳನ್ನು ಹಾಕಿದರೂ 28 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಯುತ್ತಿಲ್ಲ. ಕೊಳವೆಯಿರುವ ಡ್ರೈನೇಜ್ ಸಾಧನವನ್ನು ಅಳವಡಿಸಬೇಕೆಂದು ವೈದ್ಯರು ಹೇಳಿದ್ದಾರೆ. ಕಣ್ಣಿನೊಳಗೆ ಕೊಳವೆ ಎಂಬ ಮಾತಿಗೇ ಅಮ್ಮ ಹೆದರಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತದೆ? ಹಿಂದಿನ ಶಸ್ತ್ರಚಿಕಿತ್ಸೆಯನ್ನೇ ಮತ್ತೊಮ್ಮೆ ಮಾಡಬಾರದೇ?

ನೇತ್ರತಜ್ಞರ ಉತ್ತರ: ನಿಮ್ಮ ತಾಯಿಯ ಕಣ್ಣನ್ನು ಪರೀಕ್ಷಿಸದೆ ಅವರಿಗೆ ಇದೇ ಸರಿ ಎಂದು ನಾನು ಹೇಳಲಾರೆ. ಆದರೆ ನೀವು ವಿವರಿಸಿದಂಥ ಸ್ಥಿತಿಗೆಂದೇ ಈ ಸಾಧನಗಳು ರೂಪುಗೊಂಡಿವೆ.

ಕಣ್ಣಿನ ಮುಂಭಾಗದಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರ್‌ನಷ್ಟು ತಿಳಿದ್ರವ ಉತ್ಪತ್ತಿಯಾಗಿ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಕಣ್ಣಿನ ಬಣ್ಣದ ಭಾಗ) ಕೂಡುವ ಮೂಲೆಯಲ್ಲಿರುವ ಜಾಲರಿಯಂಥ ಅಂಗಾಂಶದ ಮೂಲಕ ಹೊರಹೋಗುತ್ತದೆ. ಆ ದಾರಿ ಕಟ್ಟಿಕೊಂಡರೆ ಒತ್ತಡ ಏರಿ, ದೃಷ್ಟಿನರದ ತಂತುಗಳು ಸಾಯತೊಡಗುತ್ತವೆ. ಟ್ರಾಬೆಕ್ಯುಲೆಕ್ಟಮಿಯಲ್ಲಿ ಕಣ್ಣಿನ ಬಿಳಿಗೋಡೆಯಲ್ಲಿ ಒಂದು ಸಣ್ಣ ಬಾಗಿಲನ್ನು ತೆರೆದು, ದ್ರವವು ಮೇಲಿನ ತೆಳುಪೊರೆಯ ಕೆಳಗೆ ಇಳಿಯುವಂತೆ ಮಾಡುತ್ತಾರೆ. ದೇಹವಾದರೋ ಅದನ್ನು ಗಾಯವೆಂದೇ ಭಾವಿಸಿ ಮಾಯಿಸಲು ನೋಡುತ್ತದೆ. ನಿಮ್ಮ ತಾಯಿಯಲ್ಲಿ ಆಗಿರುವುದು ಬಹುಶಃ ಇದೇ. ಅದೇ ಜಾಗ ಒಮ್ಮೆ ಕಲೆಗಟ್ಟಿದ ಮೇಲೆ ಎರಡನೆಯ ಪ್ರಯತ್ನ ಉಳಿಯುವ ಸಂಭವ ಕಡಿಮೆ.

ಡ್ರೈನೇಜ್ ಸಾಧನದಲ್ಲಿ ಎರಡು ಭಾಗಗಳಿವೆ. ಹೊರ ಅಳತೆಯಲ್ಲಿ ಸುಮಾರು 0.6 ಮಿಲಿಮೀಟರ್ ಇರುವ ಸಿಲಿಕೋನ್ ಕೊಳವೆಯ ತುದಿ ಕಣ್ಣಿನ ಮುಂಭಾಗದ ಕೋಣೆಯಲ್ಲಿರುತ್ತದೆ. ಅದರ ಇನ್ನೊಂದು ತುದಿಗೆ ಅಂಟಿಕೊಂಡ ಚಪ್ಪಟೆ ಫಲಕವನ್ನು, ಕಾರ್ನಿಯಾದ ಅಂಚಿನಿಂದ 8ರಿಂದ 10 ಮಿಲಿಮೀಟರ್ ಹಿಂದೆ, ಸಾಮಾನ್ಯವಾಗಿ ಮೇಲಿನ ಹೊರಮಗ್ಗುಲಲ್ಲಿ ಹೊಲಿದು ಕೂರಿಸುತ್ತಾರೆ. ಕೊಳವೆಯನ್ನು ದಾನಿಯಿಂದ ಪಡೆದ ಅಂಗಾಂಶದ ತೇಪೆಯಿಂದ ಮುಚ್ಚಿರುತ್ತಾರೆ. ಅದರ ಮೇಲೆ ರೆಪ್ಪೆಯೂ ಇರುವುದರಿಂದ, ಎದುರು ನಿಂತವರಿಗೆ ಸಾಧನ ಕಾಣುವುದೇ ಅಪರೂಪ.

ಈ ವಿಷಯದಲ್ಲಿ ನಾನು ಒತ್ತಿ ಹೇಳಬಯಸುವುದು ಒಂದು ಮಾತನ್ನು. ಒತ್ತಡ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಕೊಳವೆಯಲ್ಲ, ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಫಲಕದ ಸುತ್ತ ದೇಹವೇ ಕಟ್ಟಿಕೊಳ್ಳುವ ನಾರಿನ ಕೋಶ. ಕೊಳವೆಯಿಂದ ಬಂದ ದ್ರವ ಆ ಕೋಶದ ಗೋಡೆಯ ಮೂಲಕ ಜಿನುಗಿ, ಸುತ್ತಲಿನ ಸೂಕ್ಷ್ಮ ರಕ್ತನಾಳಗಳನ್ನು ಸೇರುತ್ತದೆ. ಗೋಡೆ ತೆಳುವಾಗಿದ್ದರೆ ಒತ್ತಡ ಚೆನ್ನಾಗಿ ಇಳಿಯುತ್ತದೆ, ದಪ್ಪಗಾದರೆ ಏರುತ್ತದೆ. 1969ರಲ್ಲಿ ಆಂಟನಿ ಮಾಲ್ಟೆನೊ ಅವರು ಮೊದಲು ವಿವರಿಸಿದ ಸಾಧನದಿಂದ ಇಂದಿನವುಗಳವರೆಗೆ ಎಲ್ಲವೂ ನಿಂತಿರುವುದು ಈ ತತ್ತ್ವದ ಮೇಲೆಯೇ. ಆದ್ದರಿಂದ ಆಪರೇಷನ್ ಮುಗಿದ ದಿನವೇ ಫಲಿತಾಂಶ ತಿಳಿಯಬೇಕೆಂದು ನಿರೀಕ್ಷಿಸಬೇಡಿ.

ಮರುಶಸ್ತ್ರಚಿಕಿತ್ಸೆಯ ಪ್ರಶ್ನೆಗೆ ಬಂದರೆ, ಮೊದಲೇ ಪೊರೆಯ (ಕ್ಯಾಟರಾಕ್ಟ್) ಅಥವಾ ಗ್ಲಾಕೋಮಾದ ಆಪರೇಷನ್ ಆಗಿದ್ದ ಕಣ್ಣುಗಳಲ್ಲಿ ಈ ಎರಡು ವಿಧಾನಗಳನ್ನು ಹೋಲಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಐದು ವರ್ಷಗಳ ಕೊನೆಗೆ ಕೊಳವೆಯ ಗುಂಪಿನಲ್ಲಿ ವಿಫಲತೆ ಸುಮಾರು ಶೇ 30, ಟ್ರಾಬೆಕ್ಯುಲೆಕ್ಟಮಿಯ ಗುಂಪಿನಲ್ಲಿ ಸುಮಾರು ಶೇ 47 ಇತ್ತು. ಶೇ 30 ಚಿಕ್ಕ ಸಂಖ್ಯೆಯಲ್ಲ ಎಂಬುದನ್ನೂ ನಿಮ್ಮ ತಾಯಿಗೆ ಮೊದಲೇ ತಿಳಿಸಬೇಕು.

ಮೊದಲು ಪ್ರಶ್ನೆ ಕೇಳಿದ ಸದಸ್ಯರು: ಕವಾಟವಿರುವ ಸಾಧನ, ಕವಾಟವಿಲ್ಲದ ಸಾಧನ ಎಂದು ಎರಡು ಹೆಸರು ಕೇಳಿದೆವು. ಯಾವುದು ಉತ್ತಮ?

ಉತ್ತರ: ಎರಡಕ್ಕೂ ತಮ್ಮದೇ ಜಾಗವಿದೆ. ಅಹ್ಮದ್ ಕವಾಟದಲ್ಲಿ ತೆಳುವಾದ ಸಿಲಿಕೋನ್ ಪದರಗಳಿದ್ದು, ಒತ್ತಡ ಸುಮಾರು 8 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದಾಗ ಹರಿವನ್ನು ತಡೆಯುವಂತೆ ಅವುಗಳನ್ನು ರೂಪಿಸಲಾಗಿದೆ. ತುಂಬಿದ ಕೆರೆಯ ಕೋಡಿ ಒಂದು ಮಟ್ಟಕ್ಕಿಂತ ಮೇಲಿನ ನೀರನ್ನಷ್ಟೇ ಹರಿಯಬಿಡುವಂತೆ. ಒತ್ತಡ ಮೊದಲ ದಿನದಿಂದಲೇ ಇಳಿಯುವುದರಿಂದ, ತುರ್ತಾಗಿ ಇಳಿಸಲೇಬೇಕಾದ ಕಣ್ಣುಗಳಲ್ಲಿ ಇದು ಉಪಯುಕ್ತ. ಬೇರ್‌ವೆಲ್ಟ್ ಮತ್ತು ಅರೋಲ್ಯಾಬ್ ಸಾಧನಗಳಲ್ಲಿ ಕವಾಟವಿಲ್ಲ, ಆದರೆ 350 ಚದರ ಮಿಲಿಮೀಟರ್ ವಿಸ್ತೀರ್ಣದ ದೊಡ್ಡ ಫಲಕವಿದೆ. ಕೋಶ ಬೆಳೆಯುವ ಮೊದಲೇ ದ್ರವ ಹರಿದುಹೋದರೆ ಕಣ್ಣು ಕುಸಿಯುವ ಅಪಾಯವಿರುವುದರಿಂದ, ಕೊಳವೆಯನ್ನು ಕರಗುವ ದಾರದಿಂದ ಬಿಗಿದಿರುತ್ತಾರೆ. ದಾರ ಸಾಮಾನ್ಯವಾಗಿ ಐದಾರು ವಾರಗಳಲ್ಲಿ ಸಡಿಲವಾಗುತ್ತದೆ. ಅಲ್ಲಿಯವರೆಗೆ ಹನಿಗಳನ್ನು ನಿಲ್ಲಿಸುವಂತಿಲ್ಲ; ದಾರ ಬಿಟ್ಟ ದಿನ ಒತ್ತಡ ತಟ್ಟನೆ ಇಳಿದು ನೋಟ ಮಂಜಾಗಬಹುದು. ಇದನ್ನು ಮೊದಲೇ ತಿಳಿದಿದ್ದವರು ಗಾಬರಿಯಾಗದೆ ಅಂದೇ ವೈದ್ಯರ ಬಳಿ ಬರುತ್ತಾರೆ.

ಈ ಎರಡು ಬಗೆಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ, ಕವಾಟವಿಲ್ಲದ ದೊಡ್ಡ ಫಲಕದ ಸಾಧನವು ಒತ್ತಡವನ್ನು ಇನ್ನಷ್ಟು ತಗ್ಗಿಸಿ ಹನಿಗಳ ಅಗತ್ಯವನ್ನೂ ಕಡಿಮೆ ಮಾಡಿತು. ಆದರೆ ಒತ್ತಡ ಅತಿಯಾಗಿ ಇಳಿದು ಆಗುವ ತೊಂದರೆಗಳು ಅದರಲ್ಲೇ ಹೆಚ್ಚು ಕಂಡವು. ದೃಷ್ಟಿನರ ಬಹಳ ಸವೆದಿದ್ದು ಒತ್ತಡ ತೀರಾ ಕಡಿಮೆ ಇರಬೇಕಾದವರಿಗೆ ನಾನು ಸಾಮಾನ್ಯವಾಗಿ ದೊಡ್ಡ ಫಲಕದ ಕಡೆಗೇ ವಾಲುತ್ತೇನೆ.

ಇನ್ನೊಬ್ಬ ಸದಸ್ಯರು: ನನಗೆ ಅಹ್ಮದ್ ಕವಾಟ ಹಾಕಿ ಎರಡು ತಿಂಗಳಾಯಿತು. ಮೊದಲ ವಾರ 9 ಇದ್ದ ಒತ್ತಡ ಈಗ 24 ಆಗಿದೆ. ಕೊಳವೆ ಕಟ್ಟಿಕೊಂಡಿತೇ?

ಉತ್ತರ: ಕಟ್ಟಿಕೊಂಡಿರಲೇಬೇಕೆಂದಿಲ್ಲ. ಅಹ್ಮದ್ ಕವಾಟದ ನಂತರ ಮೊದಲ ಕೆಲವು ತಿಂಗಳಲ್ಲಿ, ಕೋಶ ಇನ್ನೂ ಊದಿಕೊಂಡು ದಪ್ಪವಾಗಿರುವಾಗ, ಒತ್ತಡ ಏರುವ ಹಂತವೊಂದು ಅನೇಕರಲ್ಲಿ ಬರುತ್ತದೆ. ಹನಿಗಳನ್ನು ಮತ್ತೆ ಆರಂಭಿಸಿದರೆ ಹಲವರಲ್ಲಿ ಇದು ಹತೋಟಿಗೆ ಬಂದು, ಕೋಶ ತೆಳುವಾದಂತೆ ಒತ್ತಡ ತಗ್ಗುತ್ತದೆ. ಹಾಗೆಂದು ತಾನಾಗಿಯೇ ಇಳಿಯಲೆಂದು ಕಾಯುತ್ತಾ ಕೂರಬೇಡಿ. ರಕ್ತದ ಗರಣೆ ಅಥವಾ ಐರಿಸ್ ಕೊಳವೆಯ ಬಾಯನ್ನು ಮುಚ್ಚಿದೆಯೇ ಎಂಬುದನ್ನು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಇನ್ನೊಬ್ಬ ಸದಸ್ಯರು: ಇದರಿಂದ ಹೋದ ದೃಷ್ಟಿ ಮರಳುತ್ತದೆಯೇ? ಎಂ.ಆರ್.ಐ. ಮಾಡಿಸಬಹುದೇ?

ಉತ್ತರ: ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಯುವುದೇ ಗುರಿ. ಮೇಲೆ ಹೆಸರಿಸಿದ ಅಹ್ಮದ್, ಬೇರ್‌ವೆಲ್ಟ್ ಮತ್ತು ಅರೋಲ್ಯಾಬ್ ಸಾಧನಗಳ ಕೊಳವೆ, ಫಲಕಗಳು ಲೋಹದವಲ್ಲ. ಕೆಲವು ಬೇರೆ ಬಗೆಯ ಸಾಧನಗಳಲ್ಲಿ ಲೋಹವಿದೆ; ಆದ್ದರಿಂದ ಸಾಧನದ ಗುರುತಿನ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಸ್ಕ್ಯಾನ್ ಮಾಡುವವರಿಗೆ ತೋರಿಸಿ.

ಮೊದಲ ಸದಸ್ಯರು: ಅತಿ ಚಿಕ್ಕ ಸ್ಟೆಂಟ್‌ಗಳೂ ಇವೆಯಂತೆ. ಅಮ್ಮನಿಗೆ ಅವು ಸಾಕಾಗುವುದಿಲ್ಲವೇ? ಮನೆಗೆ ಬಂದ ಮೇಲೆ ನಾವು ಏನನ್ನು ಗಮನಿಸಬೇಕು?

ಉತ್ತರ: ಸುಮಾರು 1 ಮಿಲಿಮೀಟರ್ ಉದ್ದದ ಟೈಟಾನಿಯಂ ಸ್ಟೆಂಟ್‌ನಂಥವು ಕಣ್ಣಿನ ಸಹಜ ದಾರಿಯನ್ನೇ ತುಸು ಸರಾಗಗೊಳಿಸುತ್ತವೆ. ಅವು ಹೆಚ್ಚಾಗಿ ಪೊರೆಯ ಆಪರೇಷನ್ ಜೊತೆಗೆ, ಕಾಯಿಲೆ ಸೌಮ್ಯವಾಗಿ ಅಥವಾ ಮಧ್ಯಮವಾಗಿರುವವರಿಗೆ. ಹೊಸತೆಂಬ ಕಾರಣಕ್ಕೆ ಯಾವುದನ್ನೂ ಆರಿಸಬಾರದು. ಸೈಪಾಸ್ ಎಂಬ ಸೂಕ್ಷ್ಮ ಸ್ಟೆಂಟ್‌ನಿಂದ ಕಾರ್ನಿಯಾದ ಒಳಪದರದ ಜೀವಕೋಶಗಳು ನಷ್ಟವಾಗುತ್ತಿರುವುದು ಐದು ವರ್ಷಗಳ ಮಾಹಿತಿಯಲ್ಲಿ ಕಂಡುಬಂದುದರಿಂದ 2018ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆ ಪಡೆಯಲಾಯಿತು. ಆ ಜೀವಕೋಶಗಳು ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ದೊಡ್ಡ ಸಾಧನದ ಕೊಳವೆಯೂ ಕಾರ್ನಿಯಾಕ್ಕೆ ತೀರಾ ಹತ್ತಿರವಿದ್ದರೆ ಇದೇ ಹಾನಿಯಾಗಬಹುದು. ವರ್ಷಗಳು ಕಳೆದ ಮೇಲೂ ತಪಾಸಣೆಯನ್ನು ಬಿಡಬಾರದೆಂದು ನಾವು ಹೇಳುವುದು ಅದಕ್ಕಾಗಿಯೇ.

ಮನೆಯಲ್ಲಿ ಕಣ್ಣು ಉಜ್ಜುವುದಕ್ಕೆ ಎಂದಿಗೂ ಅವಕಾಶ ಕೊಡಬೇಡಿ. ಮೊದಲ ವಾರಗಳಲ್ಲಿ ಭಾರ ಎತ್ತುವುದು, ತಲೆ ತಗ್ಗಿಸಿ ಕೆಲಸ ಮಾಡುವುದು, ತಿಣುಕುವುದು ಬೇಡ. ಒತ್ತಡ ಕಡಿಮೆಯಿರುವ ಕಣ್ಣಿನೊಳಗೆ ರಕ್ತಸ್ರಾವವಾಗುವ ಭಯವಿರುತ್ತದೆ. ಕೆಲವರಿಗೆ ವಸ್ತುಗಳು ಎರಡೆರಡಾಗಿ ಕಾಣುವುದುಂಟು, ಅದನ್ನೂ ತಿಳಿಸಿ. ಎಲ್ಲಕ್ಕಿಂತ ಗಂಭೀರವಾದದ್ದು, ತಿಂಗಳುಗಳ ಅಥವಾ ವರ್ಷಗಳ ನಂತರ ಮೇಲಿನ ತೆಳುಪೊರೆ ಸವೆದು ಕೊಳವೆ ಬಯಲಾಗುವುದು. ಆ ದಾರಿಯಿಂದ ಸೋಂಕು ಒಳಹೊಕ್ಕರೆ ಕಣ್ಣೇ ಹೋಗಬಹುದು. ನೋವು, ಕೆಂಪು, ಪಿಸುರು, ನೋಟದಲ್ಲಿ ದಿಢೀರ್ ಇಳಿಕೆ, ಇವುಗಳಲ್ಲಿ ಯಾವ ಒಂದು ಕಂಡರೂ ಮರುದಿನಕ್ಕೆ ಕಾಯದೆ ಅದೇ ದಿನ ಕರೆದುಕೊಂಡು ಹೋಗಿ.